ಹಕಾರದ ಹಾದಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕುಗಳ ಹಳ್ಳಿಯ ಆಡುನುಡಿಯಲ್ಲಿ ಪದದ ಮೊದಲ ಹಕಾರ ಬಹುಮಟ್ಟಿಗೆ ಜಾರಿಹೋಗುತ್ತದೆ. ಹಾಲು ‘ಆಲು’ ಎನಿಸುತ್ತದೆ. ಹಬ್ಬ ‘ಅಬ್ಬ’ ಎನಿಸುತ್ತದೆ. ತಲೆತಲಾಂತರದಿಂದ ಜನ ಹೀಗೆ ಆಡಿಕೊಂಡು ಬಂದಿದ್ದಾರೆ. ಅದರಿಂದ ಯಾರ ಬಾಳೂ ಕೆಟ್ಟಿಲ್ಲ. ಆದರೆ ಮೊಬೈಲು ಕೈಗೆ ಬಂದ ಮೇಲೆ, ಹಿಂದೆ ಗಾಳಿಯಲ್ಲಿ ಕರಗುತ್ತಿದ್ದ ಮಾತು ಬರೆಹವಾಗಿ ನಿಲ್ಲತೊಡಗಿದೆ. ‘ಹಾರ್ದಿಕ ಶುಭಾಶಯ’ವು ‘ಆರ್ಥಿಕ ಶುಭಾಶಯ’ವಾಗುತ್ತದೆ, ‘ಆದರದ ಸ್ವಾಗತ’ವು ‘ಹಾದರದ ಸ್ವಾಗತ’ವಾಗುತ್ತದೆ. ಓದಿದವರು ನಗುತ್ತಾರೆ.

ನಗುವ ಮುನ್ನ ಈ ಎರಡು ತಪ್ಪುಗಳ ನಡುವಣ ಅಂತರವನ್ನು ಗಮನಿಸಬೇಕು. ಇದ್ದ ಹಕಾರ ಬಿಟ್ಟುಹೋದದ್ದು ನಾಲಗೆಯ ರೂಢಿ. ಇಲ್ಲದ ಹಕಾರ ಬಂದು ಸೇರಿದ್ದು ಅಂಜಿಕೆಯ ಫಲ. ಎಳೆತನದಲ್ಲಿ ‘ಹ’ ಎನ್ನದೆ ತರಗತಿಯಲ್ಲಿ ನಗೆಗೀಡಾದವನು, ಮುಂದೆ ಅನುಮಾನ ಬಂದೆಡೆಯಲ್ಲೆಲ್ಲ ಒಂದು ‘ಹ’ ಸೇರಿಸಿ ಮಾನ ಕಾಪಾಡಿಕೊಳ್ಳಲು ಹವಣಿಸುತ್ತಾನೆ. ಅಧ್ಯಾಪಕನಾಗಿ ನಾನು ಇಂಥವರನ್ನು ಬಹಳ ಕಂಡಿದ್ದೇನೆ. ಕೆಲವರು ಕನ್ನಡದಲ್ಲಿ ಬರೆಯುವುದನ್ನೇ ಬಿಟ್ಟರು. ಒಂದು ಅಕ್ಷರ ತಪ್ಪುವುದಕ್ಕಿಂತ ಇದು ದೊಡ್ಡ ನಷ್ಟ.

ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’ ಆಗಿತ್ತು. ಪಕಾರ ಹಕಾರವಾಯಿತು, ಆ ಹಕಾರ ನಮ್ಮ ಸೀಮೆಯಲ್ಲಿ ಇಲ್ಲವಾಯಿತು. ಎರಡೂ ಒಂದೇ ದಾರಿಯ ಮೆಟ್ಟಿಲುಗಳು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಎಣಿಸಿ ಹೇಳಬೇಕಾಯಿತು. ಇಂದು ಆ ಅಕ್ಷರವೇ ಬಳಕೆಯಲ್ಲಿಲ್ಲ.

ಹಾಗಾದರೆ ಬರೆಹಕ್ಕೆ ಕಟ್ಟುಪಾಡು ಬೇಡವೆ? ಖಂಡಿತ ಬೇಕು. ಎದುರು ನಿಂತು ಆಡುವಾಗ ಮುಖಭಾವ, ಸಂದರ್ಭಗಳು ಅರ್ಥವನ್ನು ಕಾಯುತ್ತವೆ. ಬೀದರಿನವರೂ ಮಂಗಳೂರಿನವರೂ ಓದುವ ಬರೆಹದಲ್ಲಿ ಅಕ್ಷರವೇ ಅದನ್ನು ಕಾಯಬೇಕು. ಪ್ರಶ್ನೆ ಇರುವುದು ತಿದ್ದುವ ರೀತಿಯಲ್ಲಿ. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತಿದ್ದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಸಂದೇಹಗಳಿಗೆ ಉತ್ತರಿಸಿದರು. ಕೇಳಿದವರನ್ನು ಹೀಗಳೆಯದೆ, ಪದದ ಮೂಲವನ್ನೂ ಅರ್ಥವನ್ನೂ ಬಳಕೆಯನ್ನೂ ಬಿಡಿಸಿ ಹೇಳಿದರು.

ಮನೆಯ ಹುಡುಗನ ಬರೆಹದಲ್ಲಿ ಹಕಾರ ತಪ್ಪಿದ್ದರೆ ನಾವೂ ಹಾಗೆಯೇ ಮಾಡಬಹುದು. ಇಲ್ಲಿ ‘ಹ’ ಏಕೆ ಬೇಕು, ಅಲ್ಲಿ ಏಕೆ ಬೇಡ ಎಂದು ತಿಳಿಯಹೇಳೋಣ. ಅವನ ಅಜ್ಜಿ ‘ಆಲು’ ಎಂದರೆ ಅದು ತಪ್ಪಲ್ಲ ಎಂಬುದನ್ನೂ ಜೊತೆಗೇ ಹೇಳೋಣ. ಆಮೇಲೆ ಅವನು ಏನು ಬರೆದಿದ್ದಾನೆಂಬುದನ್ನು ಪೂರ್ತಿಯಾಗಿ ಓದೋಣ.