ಅಂಗಾಲಿನ ಕಪ್ಪು ಕಲೆ: ಮಚ್ಚೆಯೋ, ಮೆಲನೋಮವೋ?

ಮುಖದಲ್ಲಿ ಚಿಕ್ಕಂದಿನಿಂದ ಇರುವ ಮಚ್ಚೆಗೆ ಹೆದರುವವರು ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಲೆಯನ್ನು ನೋಡುವುದೇ ಇಲ್ಲ. ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಮುಳ್ಳು ಚುಚ್ಚುವುದು, ಕಲ್ಲು ತಾಗುವುದು, ಕೈಗೆ ಅಡಿಕೆಯ ಕರೆ ಹಿಡಿಯುವುದು ದಿನದ ಮಾತು. ಹಾಗಾಗಿ ಯಾವ ಕಲೆಗೂ ಒಂದು ಕಾರಣ ಸುಲಭವಾಗಿ ಸಿಗುತ್ತದೆ, ತೊಡಕಿರುವುದೇ ಅಲ್ಲಿ: ಅದು ಮೆಲನೋಮವೂ ಆಗಿರಬಹುದು. ಮೆಲನೋಮ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್. ಬಿಳಿಯರಲ್ಲಿ ಅದು ಬಿಸಿಲು ಬೀಳುವ ಕಡೆ ಹೆಚ್ಚು. ನಮ್ಮ ಮೈಬಣ್ಣದವರ ಚರ್ಮದಲ್ಲಿ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ. ಎರಡು ಬದಿ ಸಮವಿಲ್ಲದ್ದು, ಅಂಚು ಅಂಕುಡೊಂಕಾದದ್ದು, ಹಲವು ಬಣ್ಣದ್ದು, 6 ಮಿಲಿಮೀಟರಿಗಿಂತ ಅಗಲವಾದದ್ದು ಸಂಶಯಾಸ್ಪದ ಎಂಬ ಸೂತ್ರವನ್ನು ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಕೊಟ್ಟರು. ಒಳ್ಳೆಯ ಸೂತ್ರವೇ, ಆದರೆ ಮುಖ್ಯವಾಗಿ ಬಿಳಿ ಚರ್ಮ ನೋಡಿ ಮಾಡಿದ್ದು.

ಅಂಗಾಲನ್ನು ಹತ್ತಿರದಿಂದ ನೋಡಿ: ಉತ್ತ ಗದ್ದೆಯ ಹಾಗೆ ಏರು, ತಗ್ಗಿನ ಸಾಲುಗಳು. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ನಿಲ್ಲುತ್ತದೆ, ಮೆಲನೋಮದ್ದು ಏರಿನ ಮೇಲೆ. ಇದು ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ಕಾಣುವ ಸಂಗತಿ, ಬರಿಗಣ್ಣಿಗಲ್ಲ. ಉಗುರಿನದ್ದು ಮನೆಯಲ್ಲೇ ಗಮನಿಸಬಹುದು. ಪೆಟ್ಟಿನ ರಕ್ತವಾದರೆ ಉಗುರು ಬೆಳೆದಂತೆ ಮುಂದೆ ಸರಿದು, ಬುಡದಲ್ಲಿ ಉಗುರು ಶುಭ್ರವಾಗುತ್ತದೆ. ಒಂದೇ ಉಗುರಿನಲ್ಲಿ ಬುಡದಿಂದ ಹೊರಟ ಪಟ್ಟಿ ಅಗಲವಾಗುತ್ತ ಸುತ್ತಲಿನ ಚರ್ಮಕ್ಕೂ ಇಳಿದರೆ ತಡಮಾಡಬಾರದು. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಮೆಲನೋಮವನ್ನೂ ಮೊದಲು ಫುಟ್‌ಬಾಲ್ ಪೆಟ್ಟೆಂದೇ ತಿಳಿದಿದ್ದರು. ಕೆಲವು ಮೆಲನೋಮಗಳಿಗೆ ಕಪ್ಪು ಬಣ್ಣವೇ ಇರುವುದಿಲ್ಲ, ಮಾಯದ ಹುಣ್ಣಿನಂತೆ ಕಾಣುತ್ತವೆ.

ಇಷ್ಟು ಅಪರೂಪದ ಕಾಯಿಲೆಗೆ ಜನರನ್ನು ಹೆದರಿಸಬೇಕೇ ಎಂದು ನೀವು ಕೇಳಬಹುದು. ಬೇಡ, ಮೈಮೇಲಿನ ಎಲ್ಲ ಮಚ್ಚೆಗಳನ್ನು ತೋರಿಸುತ್ತ ಹೋಗುವುದೂ ಬೇಡ. ಹೊಸದು, ಬದಲಾಗುತ್ತಿರುವುದು, ಮಾಯದ್ದು, ಇಷ್ಟನ್ನೇ ತೋರಿಸಿ. ಕತ್ತಿ ತಾಗಿಸಿದರೆ ಹರಡುತ್ತದೆ ಎನ್ನುವವರಿದ್ದಾರೆ. ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಹರಡುವುದಿಲ್ಲ, ತಡಮಾಡಿದರೆ ಹರಡುತ್ತದೆ. ಹಾಗೆಂದು ಬಯಾಪ್ಸಿಯೂ ದೇವರ ಮಾತಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 187 ರೋಗಶಾಸ್ತ್ರಜ್ಞರು ಚರ್ಮದ ತುಣುಕುಗಳನ್ನು ನೋಡಿದಾಗ, ಮಚ್ಚೆಗೂ ಮೆಲನೋಮಕ್ಕೂ ನಡುವಿನಂಥವುಗಳ ಬಗ್ಗೆ ಒಮ್ಮತ ಬರಲಿಲ್ಲ. ತಿಂಗಳುಗಳ ನಂತರ ಅದೇ ತುಣುಕು ನೋಡಿ ಬೇರೆ ಹೇಳಿದವರೂ ಇದ್ದರು. ಅನುಮಾನದ ವರದಿ ಬಂದರೆ ಎರಡನೇ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ. ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜಿದೆ, ಮಂಗಳೂರೂ ದೂರವಲ್ಲ. ಆಣಿ, ನರುಳ್ಳೆ ಎಂದುಕೊಂಡು ಗೇರುಬೀಜದ ಸಿಪ್ಪೆಯೆಣ್ಣೆ ಹಾಕಿ ಸುಡಬೇಡಿ: ಮೇಲಿನ ಕಪ್ಪು ಹೋದೀತು, ಅಡಿಯದ್ದು ಉಳಿಯುತ್ತದೆ, ಡಾಕ್ಟರಿಗೆ ಗುರುತೂ ಸಿಗುವುದಿಲ್ಲ. ಏನು ಹಚ್ಚುವ ಮೊದಲೂ ಒಂದು ಫೋಟೋ ತೆಗೆದಿಟ್ಟುಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ.