ಸೊಂಟದ ಸುತ್ತಳತೆ ಯಾರ ಕೆಲಸ?

ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ತಿಳಿಸಿ ಹೇಳಿದವರಿಗೆ ಕೊರತೆಯಿಲ್ಲ. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಒಂದಾದರೂ ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದೀತು. ನಾನು ಇವತ್ತು ಹೊಟ್ಟೆಯ ಬಗ್ಗೆ ಮಾತಾಡುತ್ತೇನೆ. ಸ್ಕಿಜೋಫ್ರೇನಿಯಾ ಇರುವವರ ಹೊಟ್ಟೆ, ತೂಕ, ಶುಗರ್, ಬಿ.ಪಿ.; ಇದನ್ನೆಲ್ಲ ನೋಡಬೇಕಾದ ನಾವು, ಅಂದರೆ ಆಸ್ಪತ್ರೆಯವರು. ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದು, ಆಮೇಲೆ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಹಾಗಾಗಿ ಬೈಗುಳ ಇದ್ದರೆ ಅದು ಮನೆಯವರಿಗೇ ಮನೆಯವರು ಬೈದ ಹಾಗೆ.

ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ ಸುಮಾರು 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಇದನ್ನು ಹೇಳಿದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಆತ್ಮಹತ್ಯೆ. ಅದೂ ಇದೆ, ಸುಳ್ಳಲ್ಲ. ಆದರೆ ಹೆಚ್ಚಿನವರನ್ನು ಕೊಂಡೊಯ್ಯುವುದು ನಮ್ಮ ನಿಮ್ಮನ್ನು ಕೊಂಡೊಯ್ಯುವ ಕಾಯಿಲೆಗಳೇ. ಹೃದಯಾಘಾತ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದ ತೊಂದರೆ. ವ್ಯತ್ಯಾಸ ಇಷ್ಟೇ, ನಮಗೆ ಅರವತ್ತೈದಕ್ಕೆ ಬರುವುದು ಅವರಿಗೆ ನಲವತ್ತೈದಕ್ಕೆ ಬರುತ್ತದೆ, ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮೆಟಬಾಲಿಕ್ ಸಿಂಡ್ರೋಮ್ ಎಂಬ ಮಾತನ್ನು ಕೇಳಿರುತ್ತೀರಿ. ಐದು ಅಂಶಗಳಿವೆ. ಹೊಟ್ಟೆಯ ಸುತ್ತಳತೆ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಬಾರದು. ಬಿ.ಪಿ. 130/85, ಬರಿಹೊಟ್ಟೆಯ ಶುಗರ್ 100, ಟ್ರೈಗ್ಲಿಸರೈಡ್ 150 ಮುಟ್ಟಿದರೆ ಎಚ್ಚರ. ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿರಬಾರದು. ಐದರಲ್ಲಿ ಮೂರು ಕೆಟ್ಟರೆ ಆ ಹೆಸರು ಅಂಟುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸ್ಕಿಜೋಫ್ರೇನಿಯಾ ಇರುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇದು ಇದೆ.

ಒಂದು ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಇಪ್ಪತ್ತಾರರ ಹುಡುಗ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಮಾತ್ರೆಯಿಂದ ಅಡಗಿದ್ದವು, ಇನ್ನೇನು ಮನೆಗೆ ಕಳಿಸಬೇಕು. ಅಷ್ಟರಲ್ಲಿ ನೀರು ಕುಡಿಯುವ ಹುಚ್ಚು ಹತ್ತಿತು. ನಲ್ಲಿಗೆ ಬಾಯಿ ಇಡುತ್ತಿದ್ದ, ಪಕ್ಕದ ಮಂಚದವರ ಬಾಟಲಿ ಖಾಲಿ ಮಾಡುತ್ತಿದ್ದ. ಮನೋರೋಗ ವಾರ್ಡಿನವರಿಗೆ ಇದು ಹೊಸದಲ್ಲ. ಕಾಯಿಲೆಯ ಭಾಗವಾಗಿಯೇ ಬಿಂದಿಗೆಗಟ್ಟಲೆ ನೀರು ಕುಡಿಯುವವರು ಇರುತ್ತಾರೆ, ಅದು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಹಾಗಾಗಿ ಬಚ್ಚಲಿಗೆ ಬೀಗ ಬಿತ್ತು. ಕೇಸ್ ಶೀಟಿನಲ್ಲಿ ‘ನೀರು ಹೆಚ್ಚು ಕುಡಿಯುತ್ತಾನೆ, ಗಮನವಿಡಿ’ ಎಂದು ಬರೆದಾಯಿತು. ಎರಡನೇ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಆಗಷ್ಟೇ ಮೆಡಿಸಿನ್ ವಾರ್ಡಿನಿಂದ ವರ್ಗವಾಗಿ ಬಂದವಳು. ಬಾಯಾರಿಕೆ ಅಂದ ಕೂಡಲೇ ಅವಳ ಕೈ ಗ್ಲೂಕೋಮೀಟರಿಗೆ ಹೋಯಿತು. ಜಿ.ಆರ್.ಬಿ.ಎಸ್., ಅಂದರೆ ಬೆರಳು ಚುಚ್ಚಿ ಆ ಹೊತ್ತಿನ ಶುಗರ್, ನೋಡಿದರೆ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ಬಂತು. ಸಾಮಾನ್ಯವಾಗಿ 600 ದಾಟಿದಾಗ ಮೀಟರು ಹಾಗೆ ತೋರಿಸುತ್ತದೆ. ಹುಡುಗನನ್ನು ಐಸಿಯುಗೆ ಸಾಗಿಸಿದರು, ಉಳಿದುಕೊಂಡ.

ಈಗ ಹೇಳಿ, ಆ ವಾರ್ಡಿನ ಹಳಬರಿಗೆ ಸಕ್ಕರೆ ಕಾಯಿಲೆಯ ಲಕ್ಷಣ ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದರು. ಗೊತ್ತಿತ್ತು. ಆದರೆ ಈ ವಾರ್ಡಿನಲ್ಲಿ ಏನೇ ಕಂಡರೂ ಅದು ‘ತಲೆಯದು’ ಎಂದು ಕಣ್ಣು ಪಳಗಿಬಿಟ್ಟಿತ್ತು. ಎದೆ ಉರಿ ಅಂದರೆ ಭ್ರಮೆ, ಸುಸ್ತು ಅಂದರೆ ಸೋಮಾರಿತನ, ಹಸಿವು ಅಂದರೆ ಹೊಟ್ಟೆಬಾಕತನ. ಇದು ಅಜ್ಞಾನವಲ್ಲ. ಸಿಬ್ಬಂದಿಗೆ ಅರಿವು ಮೂಡಿಸಬೇಕು ಎಂದು ಪೋಸ್ಟರು ಹಚ್ಚಿ, ಒಂದು ದಿನದ ಕಾರ್ಯಾಗಾರ ಮಾಡಿ, ಊಟ ಹಾಕಿ ಕಳಿಸುವವರಿಗೆ ನಾನು ಸದಾ ಹೇಳುವುದು ಇದನ್ನೇ. ಅಳೆಯುವುದು ಯಾರ ಕೆಲಸ, ಅಳೆದ ಮೇಲೆ ಮುಂದಿನದು ಯಾರ ಕೆಲಸ ಎಂದು ಬರೆದಿಡದೆ ಅರಿವಿನಿಂದ ಏನೂ ಆಗುವುದಿಲ್ಲ.

ಮನೋರೋಗಕ್ಕೂ ಸಕ್ಕರೆ ಕಾಯಿಲೆಗೂ ಇರುವ ನಂಟು ಹೊಸದೇನಲ್ಲ. ಲಂಡನ್ನಿನ ಮನೋವೈದ್ಯ ಹೆನ್ರಿ ಮಾಡ್‌ಸ್ಲಿ 1879ರಲ್ಲೇ, ಹುಚ್ಚು ಇರುವ ಕುಟುಂಬಗಳಲ್ಲಿ ಮಧುಮೇಹವೂ ಆಗಾಗ ಕಾಣಿಸುತ್ತದೆ ಎಂದು ಗಮನಿಸಿ ಬರೆದಿದ್ದ. ಆಗ ಮಾತ್ರೆಗಳೇ ಇರಲಿಲ್ಲ. ಮೊದಲ ಮಾತ್ರೆ ಕ್ಲೋರ್‌ಪ್ರೊಮಜೀನ್ ಪ್ಯಾರಿಸ್ಸಿನ ಮನೋರೋಗಿಗಳಿಗೆ ಸಿಕ್ಕಿದ್ದು 1952ರಲ್ಲಿ. ಆಮೇಲೆ ಬಂದ ಕ್ಲೋಜಪಿನ್ ಮತ್ತು ಒಲಾಂಜಪಿನ್ ತೂಕ ಏರಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ. ರಿಸ್ಪೆರಿಡೋನ್, ಕ್ವೆಟಿಯಪಿನ್ ನಡುವೆ. ಅರಿಪಿಪ್ರಜೋಲ್, ಹಳೆಯ ಹ್ಯಾಲೋಪೆರಿಡಾಲ್ ಕಡಿಮೆ. ಮಿದುಳಿನಲ್ಲಿ ಹಿಸ್ಟಮಿನ್ ಮತ್ತು ಸೆರಟೋನಿನ್ ಕೆಲಸ ಮಾಡುವ ಕೆಲವು ಜಾಗಗಳನ್ನು ತೂಕ ಏರಿಸುವ ಮಾತ್ರೆಗಳು ಮುಚ್ಚುತ್ತವೆ. ಉಂಡ ಮೇಲೂ ಉಂಡ ಹಾಗಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಿಸ್ಕತ್ತಿನ ಪೊಟ್ಟಣ ಹುಡುಕುವವನನ್ನು ಗದರುವ ಮೊದಲು ಇದು ನೆನಪಿರಬೇಕು.

ಹೀಗೆಂದ ಮಾತ್ರಕ್ಕೆ ಯಾರೂ ಮನೆಗೆ ಹೋಗಿ ಮಾತ್ರೆ ನಿಲ್ಲಿಸಬಾರದು. ಗಟ್ಟಿಯಾಗಿ ಹೇಳುತ್ತಿದ್ದೇನೆ. ಫಿನ್ಲೆಂಡಿನಲ್ಲಿ 11 ವರ್ಷಗಳ ದಾಖಲೆ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳದವರೇ ಹೆಚ್ಚು ಸತ್ತಿದ್ದರು. ಅತಿ ಕಡಿಮೆ ಸಾವು ಕಂಡದ್ದು, ತೂಕ ಏರಿಸುತ್ತದೆ ಎಂದು ನಾವು ಬೈಯುವ ಅದೇ ಕ್ಲೋಜಪಿನ್ ತೆಗೆದುಕೊಂಡವರಲ್ಲಿ. ಮಾತ್ರೆ ಬೇಕು. ಜೊತೆಗೆ ಅಳತೆಯೂ ಬೇಕು.

ಅಳತೆ ಯಾವಾಗ ಎಂಬುದಕ್ಕೂ ಉತ್ತರ ಸಿಕ್ಕಿ ಎರಡು ದಶಕ ದಾಟಿತು. ಅಮೆರಿಕದ ಮಧುಮೇಹ ಸಂಘ ಮತ್ತು ಮನೋವೈದ್ಯ ಸಂಘ ಸೇರಿ 2004ರಲ್ಲಿ ಒಂದು ಪಟ್ಟಿ ಕೊಟ್ಟವು. ಮಾತ್ರೆ ಶುರು ಮಾಡುವಾಗ ಎಲ್ಲವನ್ನೂ ನೋಡಬೇಕು. ತೂಕವನ್ನು 4, 8, 12ನೇ ವಾರ, ಆಮೇಲೆ ಮೂರು ತಿಂಗಳಿಗೊಮ್ಮೆ. ಬಿ.ಪಿ., ಶುಗರ್ 12ನೇ ವಾರ, ನಂತರ ವರ್ಷಕ್ಕೊಮ್ಮೆ. ಪಟ್ಟಿ ಬಂತು, ಅಚ್ಚಾಯಿತು. ಅಮೆರಿಕದಲ್ಲೇ ಕೆಲವು ವರ್ಷದ ಮೇಲೆ ನೋಡಿದರೆ ಪರೀಕ್ಷೆ ಮಾಡಿಸುವವರ ಸಂಖ್ಯೆ ಹೆಚ್ಚೇನೂ ಏರಿರಲಿಲ್ಲ. ಸ್ಕಿಜೋಫ್ರೇನಿಯಾ ಇರುವವರ ಮೇಲೆ ಅಲ್ಲಿ ನಡೆದ ಕ್ಯಾಟಿ ಎಂಬ ದೊಡ್ಡ ಅಧ್ಯಯನಕ್ಕೆ ಸೇರಿದವರಲ್ಲಿ, ಮಧುಮೇಹ ಇದ್ದ ಸುಮಾರು ಶೇ. 30 ಮಂದಿಗೆ, ರಕ್ತದೊತ್ತಡ ಇದ್ದ ಶೇ. 62 ಮಂದಿಗೆ, ಕೊಲೆಸ್ಟರಾಲ್ ಏರುಪೇರಾಗಿದ್ದ ಶೇ. 88 ಮಂದಿಗೆ ಅದಕ್ಕೆ ಚಿಕಿತ್ಸೆಯೇ ನಡೆಯುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಹೆಲೆನ್ ಲೆಸ್ಟರ್ ಎಂಬ ಕುಟುಂಬ ವೈದ್ಯೆಯ ಹೆಸರಿನಲ್ಲಿ ಒಂದು ಹಾಳೆಯ ಕೈಪಿಡಿ ಇದೆ. ಬರೀ ಪರೀಕ್ಷೆ ಮಾಡಿ ಸುಮ್ಮನಾಗಬೇಡಿ, ಕೈಹಾಕಿ ಎಂಬುದು ಅದರ ಸಾರ. ಯಾವ ಅಂಕಿಗೆ ಏನು ಮಾಡಬೇಕು, ಯಾವಾಗ ಮಾತ್ರೆ ಬದಲಿಸುವ ಬಗ್ಗೆ ಯೋಚಿಸಬೇಕು, ಯಾವಾಗ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಎಂದು ಅದೇ ಹಾಳೆಯಲ್ಲಿದೆ. ನನಗೆ ಇಷ್ಟವಾದದ್ದು ಅದು ಒಂದೇ ಹಾಳೆ ಎಂಬುದು. ನಮ್ಮ ಕೈಪಿಡಿಗಳು ಕಪಾಟಿನ ಬೀಗದೊಳಗೆ ಕ್ಷೇಮವಾಗಿರುತ್ತವೆ.

ಇನ್ನು ಟೇಪಿನ ವಿಷಯ. ಅಳೆಯುವುದು ಸುಲಭ ಅಂದುಕೊಂಡಿದ್ದೀರಿ. ಪ್ಯಾಂಟಿನ ಸೈಜ್ 34 ಅಂದರೆ ಸುತ್ತಳತೆ 34 ಇಂಚು ಅಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪು ಬರಬೇಕು. ಕಾಲು ಕೂಡಿಸಿ ನಿಂತು, ಉಸಿರು ಬಿಟ್ಟ ಮೇಲೆ ಓದಬೇಕು. ಹೆಂಗಸರಲ್ಲಿ ಸೀರೆಯ ನೆರಿಗೆ, ಲಂಗದ ಲಾಡಿ ಅಡ್ಡ. ಅದರ ಮೇಲೆಯೇ ಟೇಪು ಸುತ್ತಿದರೆ ಎರಡು ಮೂರು ಸೆಂಟಿಮೀಟರ್ ಬಟ್ಟೆಯದೇ ಆಗುತ್ತದೆ. ಮರೆ ಬೇಕು, ಹೆಣ್ಣು ಸಿಬ್ಬಂದಿ ಬೇಕು. ಇದೆಲ್ಲಕ್ಕಿಂತ ಕಷ್ಟದ್ದು, ಯಾರೋ ತನ್ನನ್ನು ಕಟ್ಟಿಹಾಕಲು ಬರುತ್ತಿದ್ದಾರೆ ಎಂದು ನಂಬಿರುವವರ ಸೊಂಟಕ್ಕೆ ಟೇಪು ಸುತ್ತುವುದು. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ, ಮೊದಲು ನಿಮ್ಮ ಸೊಂಟಕ್ಕೆ ಸುತ್ತಿಕೊಂಡು ತೋರಿಸಿ, ಅಂಕಿ ಎಷ್ಟೆಂದು ಅವರಿಂದಲೇ ಓದಿಸಿ, ಆಮೇಲೆ ಕೇಳಿ. ಸಿಸ್ಟರ್ ಹೊಟ್ಟೆಯೇ ದಪ್ಪ ಎಂದು ನಗುತ್ತಾರೆ. ನಕ್ಕ ಮೇಲೆ ಹೆಚ್ಚಿನವರು ಒಪ್ಪುತ್ತಾರೆ.

ಮನೆಯವರ ಕಡೆಯಿಂದಲೂ ಒಂದು ತೊಡಕಿದೆ. ಆರು ತಿಂಗಳು ಅನ್ನ ಬಿಟ್ಟು, ಯಾರೋ ವಿಷ ಹಾಕಿದ್ದಾರೆ ಎಂದು ಮೂಲೆಯಲ್ಲಿ ಕೂತಿದ್ದ ಮಗ ಈಗ ಎರಡು ಮುದ್ದೆ ಉಣ್ಣುತ್ತಿದ್ದಾನೆ. ‘ಸಿಸ್ಟರ್, ಈಗ ಮೈಕೈ ತುಂಬ್ಕೊಂಡಿದಾನೆ ನೋಡಿ’ ಎಂದು ತಾಯಿ ಕೈಮುಗಿಯುತ್ತಾಳೆ. ಆ ತಾಯಿಗೆ ತೂಕ ಜಾಸ್ತಿಯಾಯಿತು ಅನ್ನಲು ಬಾಯಿ ಬರುವುದಿಲ್ಲ. ಹೇಳಬೇಕು, ಆದರೆ ಆ ಸಂತೋಷವನ್ನು ಕಿತ್ತುಕೊಳ್ಳದ ಹಾಗೆ. ಮುದ್ದೆ ಇರಲಿ, ಟೀಗೆ ಹಾಕುವ ಸಕ್ಕರೆ ಕಡಿಮೆಯಾಗಲಿ. ಬೇಕರಿಯ ಬನ್ನು ದಿನಾ ಬೇಡ. ಸಂಜೆ ಅವನನ್ನು ಕರೆದುಕೊಂಡು ದೇವಸ್ಥಾನದವರೆಗೆ ನಡೆಯಿರಿ. ಬೀಡಿಯ ಬಗ್ಗೆಯೂ ಹೇಳಬೇಕು, ಇಲ್ಲಿ ಸ್ವಲ್ಪ ಜಾಣತನ ಬೇಕು. ತಂಬಾಕಿನ ಹೊಗೆ ಕ್ಲೋಜಪಿನ್ ಮತ್ತು ಒಲಾಂಜಪಿನ್ ದೇಹದಿಂದ ಬೇಗ ಹೊರಹೋಗುವಂತೆ ಮಾಡುತ್ತದೆ. ಬೀಡಿ ಒಮ್ಮೆಲೇ ಬಿಟ್ಟರೆ ಅದೇ ಡೋಸು ಮೈಯಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಬಿಡಲಿ, ಖಂಡಿತ ಬಿಡಲಿ, ಆದರೆ ಬಿಟ್ಟದ್ದನ್ನು ಡಾಕ್ಟರಿಗೆ ಹೇಳಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯದ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲೇ ಕಟ್ಟಿ ದೇಶಕ್ಕೆ ತೋರಿಸಿತು ಎಂಬ ಹೆಮ್ಮೆ ನಮಗಿದೆ. ಮನೋವೈದ್ಯರು ಬರುವ ಅದೇ ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ., ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕೂ ಇರುತ್ತದೆ. ಎರಡು ಕೋಣೆ, ಎರಡು ರಿಜಿಸ್ಟರು, ಎರಡು ಸಾಲು. ಮನೋವೈದ್ಯರು ಚೀಟಿಯಲ್ಲಿ ‘ಫಿಸಿಷಿಯನ್ ಅಭಿಪ್ರಾಯ’ ಎಂದು ಬರೆಯುತ್ತಾರೆ. ಮಗನನ್ನು ಹಿಡಿದುಕೊಂಡು ಬಂದ ತಂದೆ ಎರಡನೇ ಸಾಲು ನೋಡಿ, ಬಸ್ಸಿನ ಹೊತ್ತು ನೆನೆದು ಮನೆಗೆ ಹೋಗುತ್ತಾನೆ. ಮನೆಮನೆ ಬಿ.ಪಿ., ಶುಗರ್ ತಪಾಸಣೆ ಇದೆಯಲ್ಲ ಎನ್ನಬಹುದು. ಅದು ಶುರುವಾಗುವುದು 30ನೇ ವಯಸ್ಸಿನಿಂದ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ತೂಕ ಓಡುವುದು ಮಾತ್ರೆಯ ಮೊದಲ ವರ್ಷದಲ್ಲೇ. ನಮ್ಮ ಹುಡುಗ ಆ ಪಟ್ಟಿಗೆ ಬರುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವನಲ್ಲಿ ಬೇರು ಬಿಟ್ಟಿರುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಯವರಿಗೆ ಸಮನಾಗಿ ಇವರನ್ನೂ ನಡೆಸಿಕೊಳ್ಳಬೇಕು ಎನ್ನುತ್ತದೆ. ಕಾಯ್ದೆಗೆ ಕೈಯಿಲ್ಲ, ಟೇಪು ಹಿಡಿಯುವವರು ಬೇಕು. ನನ್ನ ಕೇಳಿಕೆ ಚಿಕ್ಕದು. ದಿನದಿನದ ಮಾತ್ರೆಯ ಬದಲು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಇಂಜೆಕ್ಷನ್ ಕೊಡುವ ಸಿಸ್ಟರೇ, ಸೂಜಿ ಹಾಕುವ ಮೊದಲು ತೂಕ, ಬಿ.ಪಿ. ಬರೆಯಲಿ, ಮೂರು ತಿಂಗಳಿಗೊಮ್ಮೆ ಟೇಪು ಹಿಡಿದು ಜಿ.ಆರ್.ಬಿ.ಎಸ್. ನೋಡಲಿ. ಇಂಜೆಕ್ಷನ್ ಇಲ್ಲದವರಿಗೆ ಮಾತ್ರೆ ಕೊಡುವ ಕಿಟಕಿಯ ಪಕ್ಕದಲ್ಲೇ ತೂಕದ ಯಂತ್ರ ಇಡಲಿ. ಅಂಕಿ ಮಿತಿ ಮೀರಿದರೆ ರೋಗಿಯನ್ನು ಎರಡನೇ ಸಾಲಿಗೆ ಕಳಿಸುವ ಬದಲು ಎನ್‌ಸಿಡಿ ಡಾಕ್ಟರು ಮಂಗಳವಾರ ಅರ್ಧ ಗಂಟೆ ಈ ಕೋಣೆಗೆ ಬರಲಿ. ಇದಕ್ಕೆ ಹೊಸ ಹುದ್ದೆ ಬೇಡ, ಒಂದು ಆದೇಶ ಸಾಕು. ಆ ಆದೇಶ ಹೊರಡಿಸಬಲ್ಲ ಇಲಾಖೆಯವರು ಇಲ್ಲಿ ಯಾರಾದರೂ ಕೂತಿದ್ದರೆ, ಪ್ರಶ್ನೋತ್ತರದಲ್ಲಿ ಮೊದಲ ಮಾತು ಅವರದ್ದೇ ಆಗಲಿ.