ಕೊಳ್ಳದೆ ಬಾಳುವ ವಿದ್ಯೆ

ಘಟಿಕೋತ್ಸವದ ವೇದಿಕೆಯಿಂದ ಪದವೀಧರರಿಗೆ ಹೇಳುವ ಮಾತು ವಾಡಿಕೆಯಾಗಿ ಸಂಪಾದನೆಯ ಸುತ್ತಲೇ ಇರುತ್ತದೆ. ಸಂಪಾದಿಸಿದ ಹಣ ಯಾವ ದಾರಿಯಲ್ಲಿ ಕೈಬಿಟ್ಟು ಹೋಗುತ್ತದೆ, ಅದರಲ್ಲಿ ಎಷ್ಟನ್ನು ಹೋಗಗೊಡದೆ ಇರಬಹುದು ಎಂಬ ಪ್ರಶ್ನೆ ಅಲ್ಲಿ ಕೇಳಿಬರುವುದು ವಿರಳ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಮನೆಗಳಿಂದ ಬಂದು ಇಂದು ಪದವಿ ಪಡೆಯುತ್ತಿರುವ ತರುಣ ತರುಣಿಯರನ್ನು ಮೊದಲ ಸಂಬಳದ ದಿನದಿಂದಲೇ ಒಂದು ಬಲವಾದ ಸೆಳೆತ ಹಿಡಿಯಲಿದೆ. ಅದಕ್ಕೆ ಕೊಳ್ಳುಬಾಕ ಸಂಸ್ಕೃತಿ ಎಂದು ಹೆಸರು. ಅಗತ್ಯ ಬಿದ್ದಾಗ ವಸ್ತುವನ್ನು ಕೊಳ್ಳುವ ಬದಲು, ಕೊಂಡ ವಸ್ತುವಿನಿಂದಲೇ ಮನುಷ್ಯನ ಯೋಗ್ಯತೆಯನ್ನು ಅಳೆಯುವ, ಆದ್ದರಿಂದಲೇ ಕೊಳ್ಳುವುದು ಎಂದೂ ಮುಗಿಯದ ಜೀವನಕ್ರಮ ಎಂದು ಅದನ್ನು ವಿವರಿಸಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಷ್ಟು ಹಿಂದೆಯೇ ಸಿರಿವಂತರ ಈ ಚಾಳಿಯನ್ನು ಪ್ರದರ್ಶನಕ್ಕಾಗಿ ಮಾಡುವ ಬಳಕೆ ಎಂದು ಗುರುತಿಸಿದ್ದನು. ಒಂದು ಶತಮಾನ ಕಳೆಯುವಷ್ಟರಲ್ಲಿ ಸಾಲದ ಕಂತು ಅದೇ ಚಾಳಿಯನ್ನು ಸಂಬಳದಾರನ ಮನೆಗೂ ಸಣ್ಣ ಕೃಷಿಕನ ಮನೆಗೂ ತಂದು ಮುಟ್ಟಿಸಿದೆ.

ಈ ಸೆಳೆತವನ್ನು ನಿರಾಕರಿಸಿ ಬದುಕಿದವರು ಈ ಸೀಮೆಯಲ್ಲೂ ಅದರ ಆಸುಪಾಸಿನಲ್ಲೂ ಇದ್ದಾರೆ. ಅವರನ್ನು ತ್ಯಾಗಿಗಳೆಂದು ಕೈಮುಗಿದು ದೂರ ನಿಲ್ಲಿಸುವುದು ಸುಲಭ, ಆದರೆ ಅದು ಸರಿಯಾದ ಗ್ರಹಿಕೆಯಲ್ಲ. ಅವರ ಬದುಕನ್ನು ಸಮೀಪದಿಂದ ನೋಡಿದರೆ ಅಲ್ಲಿ ಎದ್ದು ಕಾಣುವುದು ಬಿಟ್ಟುಕೊಟ್ಟದ್ದರ ಪಟ್ಟಿಗಿಂತ ಹೆಚ್ಚಾಗಿ ಕೈಯಲ್ಲಿ ಉಳಿಸಿಕೊಂಡ ಕೌಶಲ. ಕಡಿಮೆ ಕೊಂಡು ಚೆನ್ನಾಗಿ ಬದುಕುವುದು ಒಂದು ವಿದ್ಯೆ, ಅದನ್ನು ಕಲಿಯಬೇಕಾಗುತ್ತದೆ, ಕಲಿಸುವವರು ಬೇಕಾಗುತ್ತದೆ ಎಂಬುದೇ ಈ ಭಾಷಣದ ಪ್ರತಿಪಾದನೆ.

1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ಅಂಗವಾಗಿ ಗಾಂಧೀಜಿ ಕೊಡಗಿನಿಂದ ಘಟ್ಟವಿಳಿದು ಪುತ್ತೂರಿಗೆ ಬಂದಿದ್ದರು. ಪೇಟೆಯ ನಡುವಿನ ಗಾಂಧಿಕಟ್ಟೆ ಆ ಭೇಟಿಯ ಗುರುತಾಗಿ ಇಂದಿಗೂ ಇದೆ. ಅದಾದ ಎರಡು ವರ್ಷಗಳಲ್ಲಿ, ಹಿಂದೆ ಸಾಬರಮತಿ ಆಶ್ರಮದಲ್ಲಿ ತಂಗಿದ್ದ ಅಮೆರಿಕದ ವಕೀಲ ರಿಚರ್ಡ್ ಗ್ರೆಗ್ ಸ್ವಯಂಪ್ರೇರಿತ ಸರಳತೆ ಎಂಬ ಪರಿಕಲ್ಪನೆಯನ್ನು ಬರಹದಲ್ಲಿ ಮಂಡಿಸಿದನು. ಬಡತನದಿಂದ ಬಂದ ಕೊರತೆ ಬೇರೆ, ಬದುಕಿನ ಮುಖ್ಯ ಉದ್ದೇಶಕ್ಕೆ ಅಡ್ಡಬರುವ ವಸ್ತುಗಳನ್ನು ತಾನಾಗಿ ದೂರವಿಡುವ ಆಯ್ಕೆ ಬೇರೆ ಎಂಬುದು ಅದರ ತಿರುಳು. ಇಂದು ಪಶ್ಚಿಮದ ದೇಶಗಳಿಂದ ಹೊಸ ಶೈಲಿಯಾಗಿ ಮರಳಿ ಬರುತ್ತಿರುವ ಈ ವಿಚಾರ ಗಾಂಧೀಜಿಯ ಆಶ್ರಮದ ಅಂಗಳದಲ್ಲಿ ಬೆಳೆದದ್ದೆಂಬ ನೆನಪು ಪದವೀಧರರಿಗೆ ಇರುವುದು ಒಳ್ಳೆಯದು. ಅದೇ ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆನಿಂತು ಬಾಲವನವನ್ನು ಕಟ್ಟಿದರು; 1943ರಲ್ಲಿ ಹೊರಬಂದ ಅವರ ‘ಬೆಟ್ಟದ ಜೀವ’ ಕಾದಂಬರಿಯ ಗೋಪಾಲಯ್ಯ ಇಂದಿನ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ಸುತ್ತಲಿನ ಮಲೆಯಲ್ಲಿ ಕಾಡಿನೊಡನೆ ಸೆಣಸಿ ತೋಟ ಮಾಡಿದ ವೃದ್ಧ. ಆತನ ಮನೆಯಲ್ಲಿ ಪೇಟೆಯ ಸರಕು ಕಡಿಮೆ, ದಾರಿ ತಪ್ಪಿ ಬಂದ ಅತಿಥಿಗೆ ಸಿಗುವ ಉಪಚಾರವಾದರೋ ಸಮೃದ್ಧ. ಸರಳ ಜೀವನವೆಂದರೆ ಒಣ ಜೀವನ ಎಂಬ ಭ್ರಮೆಯನ್ನು ಕಳೆಯಲು ಆ ಒಂದು ಚಿತ್ರ ಸಾಕು.

ಆದರೂ ಹಿಂದಿನ ಕಾಲವನ್ನು ಹೊಗಳಿ ಹಾಡುವುದಕ್ಕೆ ಒಂದು ಮಿತಿಯುಂಟು. ತುಳುನಾಡಿನ ಆಟಿ ತಿಂಗಳು, ಅಂದರೆ ಜಡಿಮಳೆಯ ಜುಲೈ-ಆಗಸ್ಟ್ ಅವಧಿ, ಅನೇಕ ಮನೆಗಳಿಗೆ ಹಸಿವಿನ ತಿಂಗಳಾಗಿತ್ತು. ಕಣಿಲೆ, ತಗತೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ ಇಂದು ಆಟಿಕೂಟಗಳಲ್ಲಿ ಸಂಭ್ರಮದ ತಿನಿಸುಗಳಾಗಿದ್ದರೆ, ಅಂದು ಅಕ್ಕಿ ತೀರಿದಾಗ ಗುಡ್ಡೆ ಹತ್ತಿ ತಂದ ಆಸರೆಗಳಾಗಿದ್ದವು. ಆ ಕೊರತೆಯನ್ನು ಯಾರೂ ಮರಳಿ ಬಯಸಬೇಕಾಗಿಲ್ಲ. ಕೊರತೆಯನ್ನು ಎದುರಿಸಲು ಜನ ಕಂಡುಕೊಂಡ ಉಪಾಯಗಳನ್ನು ಮಾತ್ರ ಕೊರತೆಯ ಜೊತೆಯಲ್ಲೇ ಎಸೆದುಬಿಡುವುದು ಅವಿವೇಕ.

ಉಪ್ಪಿನ ಸೊಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಲಸಿನಕಾಯಿ ಬಲಿತು, ಇನ್ನೂ ಹಣ್ಣಾಗದ ಹದದಲ್ಲಿರುವಾಗ ಅದನ್ನು ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ ಒಂದು ಪದರ ಕಲ್ಲುಪ್ಪು ಎಂಬಂತೆ ಒತ್ತಿ ತುಂಬಿ, ಮೇಲೆ ಭಾರ ಹೇರಿ, ಗಾಳಿಯಾಡದಂತೆ ಬಾಯಿ ಕಟ್ಟಿಟ್ಟರೆ ಸೊಳೆ ತಾನೇ ಬಿಟ್ಟ ನೀರಿನಲ್ಲಿ ಮುಳುಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಮಳೆಗಾಲದಲ್ಲಿ ಬೇಕಾದಷ್ಟನ್ನು ತೆಗೆದು, ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ಪಲ್ಯಕ್ಕೋ ರೊಟ್ಟಿಗೋ ಉಂಡಲಕಾಳಿಗೋ ಬಳಸುತ್ತಾರೆ. ಬೇಯಿಸಿ ಉಪ್ಪು ಹಾಕಿ ಒಣಗಿಸಿದ ಹಲಸಿನ ಬೀಜ ಸಾಂತಾಣಿಯಾಗುತ್ತದೆ. ಇದರಲ್ಲಿ ವಿದ್ಯುತ್ತಿನ ಖರ್ಚಿಲ್ಲ, ಪ್ಲಾಸ್ಟಿಕ್ ಪೊಟ್ಟಣವಿಲ್ಲ, ಸಾಗಾಟವಿಲ್ಲ; ಕಾಯಿಯ ಹದ, ಉಪ್ಪಿನ ಪ್ರಮಾಣ, ಒತ್ತುವ ಭಾರ ಎಷ್ಟೆಂಬ ತಿಳಿವಳಿಕೆ ಮಾತ್ರ ಇದೆ. ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ಉಪ್ಪು ಹೇಗೆ ತಡೆಯುತ್ತದೆಂಬುದನ್ನು ಪಠ್ಯದಲ್ಲಿ ಓದಿದ ಪದವೀಧರೆಯ ಮನೆಯಲ್ಲಿ ಆ ಭರಣಿ ಖಾಲಿಯಾಗಿ ಅಟ್ಟ ಸೇರಿದ್ದರೆ, ಶಾಲೆಯ ಓದಿಗೂ ಮನೆಯ ಅರಿವಿಗೂ ನಡುವೆ ಎಲ್ಲೋ ಕೊಂಡಿ ತಪ್ಪಿದೆ ಎಂದೇ ತಿಳಿಯಬೇಕು.

ಇಲ್ಲಿಯೇ ಒಂದು ಆಕ್ಷೇಪವನ್ನು ಎತ್ತಬೇಕಾಗುತ್ತದೆ, ಏಕೆಂದರೆ ಸರಳ ಬದುಕಿನ ಪ್ರತಿಪಾದಕರು ಅದನ್ನು ಬಹಳ ಸಲ ದಾಟಿಕೊಂಡು ಹೋಗುತ್ತಾರೆ. ಭರಣಿ ತುಂಬಿದವರೂ, ಹಪ್ಪಳ ತಟ್ಟಿದವರೂ, ಕಲ್ಲಿನಲ್ಲಿ ರುಬ್ಬಿದವರೂ, ಹೊಗೆಯ ಒಲೆಯೆದುರು ಕುಳಿತವರೂ ಹೆಂಗಸರೇ. ಮನೆಯ ಯಜಮಾನನು ಕೊಳ್ಳುವುದನ್ನು ನಿಲ್ಲಿಸಿ ಮೆಚ್ಚುಗೆ ಪಡೆದಾಗ ಆ ನಿರ್ಧಾರದ ದುಡಿಮೆ ಬಿದ್ದದ್ದು ಅಡುಗೆಮನೆಯ ಮೇಲೆ. ಗ್ರೈಂಡರ್ ಬಂದ ಮೇಲೆ ಒಬ್ಬಾಕೆಗೆ ದಿನಕ್ಕೆ ಒಂದು ಗಂಟೆ ಓದಲು ಸಿಕ್ಕಿತೆಂದರೆ ಆ ಯಂತ್ರವನ್ನು ಕೊಳ್ಳುಬಾಕತನದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಗಂಡಸರೂ ಸೊಳೆ ಬಿಡಿಸಲು ಕುಳಿತುಕೊಳ್ಳುವ ಮನೆಯಲ್ಲಿ ಮಾತ್ರ ಈ ಜೀವನಕ್ರಮ ಒಂದು ತಲೆಮಾರಿನಾಚೆಗೆ ಉಳಿಯಬಲ್ಲದು.

ಕೌಶಲದಿಂದ ಬದುಕು ಕಟ್ಟಿಕೊಂಡವರಲ್ಲಿ ಮೊದಲು ನೆನೆಯಬೇಕಾದವರು ನೆರೆಯ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು. ಅಡಿಕೆ ತೋಟಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಅವರಿಗೆ ದೊರೆತದ್ದು ನೀರಿಲ್ಲದ ಗುಡ್ಡೆಯ ಎರಡು ಎಕರೆ. ಬೋರ್‌ವೆಲ್ ಕೊರೆಸುವ ಹಣವಿಲ್ಲದ ಅವರು ಈ ಭಾಗದ ಹಳೆಯ ಉಪಾಯವಾದ ಸುರಂಗಕ್ಕೆ ಕೈಹಾಕಿದರು. ಸುರಂಗವೆಂದರೆ ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಎತ್ತರಕ್ಕೆ, ಸ್ವಲ್ಪ ಇಳಿಜಾರಿರುವಂತೆ ಕೊರೆದ ದಾರಿ. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಬರುತ್ತದೆ, ಪಂಪು ಬೇಡ. ಹಗಲಿನ ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದ ಹಲವು ಸುರಂಗಗಳು ನೀರು ಕಾಣದೆ ಹೋದರೂ ಕೈಬಿಡದೆ ಕೊನೆಗೆ ನೀರನ್ನು ಹೊರತಂದು ತೋಟ ಮಾಡಿದ ಈ ಕೃಷಿಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅವರ ಆರಂಭದ ಬಡತನವನ್ನು ಆಯ್ಕೆಯೆಂದು ಕರೆಯಲಾಗದು. ಆದರೆ ಬೇರೆಯವರ ಸಾಲದ ಮೇಲಾಗಲಿ, ಹೊರಗಿನ ಯಂತ್ರದ ಮೇಲಾಗಲಿ ನಿಲ್ಲದ ಸ್ವಾವಲಂಬನೆಗೆ ಅವರಿಗಿಂತ ದೊಡ್ಡ ನಿದರ್ಶನ ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಆಯ್ಕೆಯಿಂದಲೇ ಹಾಗೆ ಬದುಕಿದವರು ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರರಾಯರು. ಸಣ್ಣ ಹಿಡುವಳಿಯಲ್ಲಿ ಉಳುಮೆಯ ಗೊಡವೆಯಿಲ್ಲದೆ ಭತ್ತ ಬೆಳೆದು, ತಾವೇ ನೂಲು ತೆಗೆದು, ಮನೆಗೆ ಬೇಕಾದದ್ದನ್ನು ಮನೆಯ ನೆಲದಿಂದಲೇ ಪಡೆಯುತ್ತಿದ್ದ ಈ ಗಾಂಧಿವಾದಿಯನ್ನು ಕಾಣಲು ಹೋಗಿದ್ದ ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರಿಗೆ ಅಲ್ಲಿ ಸಿಕ್ಕಿದ್ದು ರಾಜಕಯಮೆ ಎಂಬ ತಳಿಯ ಒಂದು ಹಿಡಿ ಭತ್ತ. ಆ ಹಿಡಿ ಬೀಜದಿಂದ ಮೊದಲಾದ ಅವರ ಸಂಗ್ರಹ ಇಂದು 650ಕ್ಕೂ ಹೆಚ್ಚು ಭತ್ತದ ತಳಿಗಳಿಗೆ ಬೆಳೆದಿದೆ. ವಿಶಾಲ ಗದ್ದೆಯಿಲ್ಲದ ಅವರು ಗ್ರೋಬ್ಯಾಗ್‌ಗಳಲ್ಲಿ ಪೈರು ಮಾಡಿ ತಳಿಗಳನ್ನು ಜೀವಂತವಾಗಿ ಇಟ್ಟುಕೊಂಡಿದ್ದಾರೆ, ಕೇಳಿ ಬಂದವರಿಗೆ ಬೀಜ ಕೊಟ್ಟಿದ್ದಾರೆ. 2024ರಲ್ಲಿ ಅವರಿಗೂ ಪದ್ಮಶ್ರೀ ಬಂದಿತು. ಲೋಕವನ್ನು ಬಿಟ್ಟು ಮೂಲೆ ಸೇರಿದವನ ಸರಳತೆಯಿಂದ ಲೋಕಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ಚೇರ್ಕಾಡಿಯ ಮನೆಯಿಂದ ಹೊರಟ ಆ ಬೀಜ ಎಲ್ಲಿಗೆ ತಲುಪಿತು ಎಂಬುದನ್ನು ಅವರು ಗಮನಿಸಬೇಕು.

ಬೀಜದಂತೆಯೇ ಅನುಭವವೂ ಕೈಯಿಂದ ಕೈಗೆ ದಾಟಬೇಕಾಗುತ್ತದೆ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಮಾಡಿದ್ದು ಅದನ್ನೇ. ಕೃಷಿಕರ ಕೈಗೆ ಲೇಖನಿ ಎಂಬ ಧ್ಯೇಯದೊಂದಿಗೆ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಬೆಳೆದ ಈ ಮಾಸಿಕ, ಮಾಡಿ ನೋಡಿದವನೇ ಬರೆಯಬೇಕೆಂಬ ನಿಯಮವನ್ನು ಹಿಡಿದು, ಮಳೆನೀರು ಇಂಗಿಸುವ ಕ್ರಮದಿಂದ ಹಲಸಿನ ಮೌಲ್ಯವರ್ಧನೆಯವರೆಗೆ, ಅಂದರೆ ಹಣ್ಣನ್ನು ಹಪ್ಪಳ, ಚಿಪ್ಸ್, ಹಿಟ್ಟು ಮುಂತಾದ ರೂಪಕ್ಕೆ ತಂದು ಕೃಷಿಕನೇ ಲಾಭ ಪಡೆಯುವ ವಿಧಾನದವರೆಗೆ, ನೂರಾರು ಮನೆಗಳ ಪ್ರಯೋಗಗಳನ್ನು ಸಾರ್ವಜನಿಕ ಜ್ಞಾನವಾಗಿ ಮಾಡಿತು. ಗುಡ್ಡೆಯಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ಈ ಊರುಗಳಲ್ಲಿ ಮತ್ತೆ ಮರ್ಯಾದೆ ಬಂದುದರಲ್ಲಿ ಆ ಬರಹಗಳ ಪಾಲು ಹಿರಿದು.

ಇಷ್ಟಾದ ಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. ಈ ಮೂರು ತಾಲೂಕುಗಳ ಬದುಕು ನಿಂತಿರುವುದು ಅಡಿಕೆಯ ಮೇಲೆ. ಅಡಿಕೆ ಉಣ್ಣುವ ಬೆಳೆಯಲ್ಲ, ಮಾರುವ ಬೆಳೆ, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವ ಬೆಳೆ. ದೂರದ ನಗರಗಳ ಗುಟ್ಕಾ ಚಟ ನಿಂತರೆ ಇಲ್ಲಿನ ಅಂಗಳದ ಅಡಿಕೆಗೆ ಧಾರಣೆ ಇರುವುದಿಲ್ಲ. ಆ ಧಾರಣೆಯ ಆಸೆಯಲ್ಲಿ ಗದ್ದೆಗಳು ತೋಟಗಳಾಗಿ, ಬೈಹುಲ್ಲಿನ ಮುಡಿ ಕಟ್ಟಿ ಅಕ್ಕಿ ಇಡುತ್ತಿದ್ದ ಮನೆಗಳು ಇಂದು ಅಂಗಡಿಯಿಂದ ಅಕ್ಕಿ ತರುತ್ತಿವೆ. ಎಪ್ಪತ್ತರ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ಬೆಳೆಗಾರರು ಒಗ್ಗೂಡಿ 1973ರಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿ ಪಾರಾದರು. ಇಂದು ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಬರಿದು ಮಾಡುತ್ತಿರುವಾಗ, ಒಳ್ಳೆಯ ಧಾರಣೆಯ ವರ್ಷದಲ್ಲಿ ಕಾರು, ಮನೆ, ಒಡವೆಗಳ ಕಂತು ಕಟ್ಟಿಕೊಂಡ ಕುಟುಂಬ ಮೊದಲು ನೆಲ ಕಚ್ಚುತ್ತದೆ. ತೋಟದ ನಡುವೆ ಬಾಳೆ, ಕೋಕೋ, ಕರಿಮೆಣಸು, ಮಗ್ಗುಲಲ್ಲಿ ಒಂದು ತುಂಡು ತರಕಾರಿ ನೆಲ, ತೀರಿದ ಸಾಲ ಇರುವ ಕುಟುಂಬ ಉಸಿರಾಡಿಕೊಂಡು ಮುಂದಿನ ಬೆಳೆಯ ಯೋಚನೆ ಮಾಡುತ್ತದೆ. ಹಾಗೆಯೇ, ದೂರದ ಮಾರುಕಟ್ಟೆಗೆ ಗೇರುಬೀಜ ಒದಗಿಸುವುದಕ್ಕಾಗಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಬೆಲೆಯನ್ನು ಕಾಸರಗೋಡಿನ ಹಳ್ಳಿಗಳೂ, ಕೊಕ್ಕಡ, ಕೊಯಿಲದಂಥ ಊರುಗಳ ಮಕ್ಕಳೂ ತೆತ್ತರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯುವಷ್ಟರಲ್ಲಿ ಒಂದು ತಲೆಮಾರು ನೊಂದಿತ್ತು. ಕೊಂಡವನ ಕಣ್ಣಿಗೆ ಬೀಳದ ವೆಚ್ಚ ಯಾರ ಮನೆಯಲ್ಲಿ ಬೀಳುತ್ತದೆಂಬುದನ್ನು ಈ ಸೀಮೆ ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳುವ ಯೋಚನೆಯುಳ್ಳ ಪದವೀಧರರ ದಾರಿ ಸುಗಮವಾಗಿಯೇನೂ ಇಲ್ಲ. ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಕೊಡಲು ಕೃಷಿಕ ಮನೆತನಗಳೇ ಹಿಂಜರಿಯುತ್ತವೆ; ಊರಿಗೆ ಬಸ್ಸಿಲ್ಲದಿದ್ದರೆ ಕಾರು ಬೇಡವೆನ್ನುವ ನಿರ್ಧಾರ ನಿಲ್ಲುವುದಿಲ್ಲ, ಸರ್ಕಾರಿ ಶಾಲೆ ಮುಚ್ಚಿದರೆ ಮಕ್ಕಳ ಶುಲ್ಕಕ್ಕಾಗಿಯೇ ಹೆಚ್ಚು ಗಳಿಸಬೇಕಾಗುತ್ತದೆ. ಆದ್ದರಿಂದ ಸರಳ ಬದುಕನ್ನು ಬಯಸುವವರು ಸ್ವಂತ ಮನೆಯ ಬಾಗಿಲಿನೊಳಗೆ ಉಳಿಯದೆ ಬಸ್ಸು, ಶಾಲೆ, ಗ್ರಂಥಾಲಯ, ಆಸ್ಪತ್ರೆಗಳಿಗಾಗಿ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾಗುತ್ತದೆ.

ಒಬ್ಬರಿಂದ ಆಗದ ಕೆಲಸಕ್ಕೆ ಈ ಊರುಗಳ ತೋಡುಗಳಲ್ಲಿ ಹಳೆಯ ಮಾದರಿಯೊಂದಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಮಾರ್ಚ್ ತಿಂಗಳಿಗೆ ಬಾವಿ ಬತ್ತುವುದುಂಟು. ಅದನ್ನು ತಡೆಯಲು ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಇದು ಒಂದು ಬೇಸಿಗೆಗೆ ಬೇಕಾದ ತಾತ್ಕಾಲಿಕ ಒಡ್ಡು. ನಿಂತ ನೀರು ಎರಡೂ ದಡಗಳಿಗೆ ಇಂಗಿ ಬಾವಿ, ಕೆರೆಗಳ ಮಟ್ಟವನ್ನು ಎತ್ತುತ್ತದೆ, ಮುಂದಿನ ಮಳೆಗೆ ಕಟ್ಟ ಕೊಚ್ಚಿಹೋಗುತ್ತದೆ. ಬೋರ್‌ವೆಲ್ ಬಂದ ಮೇಲೆ ಪ್ರತಿಯೊಂದು ಮನೆಯೂ ತನ್ನ ನೀರನ್ನು ತಾನೇ ದುಡ್ಡು ಕೊಟ್ಟು ಪಡೆಯಬಹುದೆಂಬ ನಂಬಿಕೆ ಬೆಳೆದು ಅನೇಕ ಕಡೆ ಕಟ್ಟಗಳು ನಿಂತುಹೋದವು. ಕೊಳವೆ ಆಳಕ್ಕಿಳಿದಂತೆ ಆ ನಂಬಿಕೆ ಸಡಿಲಗೊಂಡು ಕೆಲವು ಬೈಲುಗಳಲ್ಲಿ ಅವು ಮರಳಿ ಬರುತ್ತಿವೆ. ತೋಡಿನ ಹರಿವು ಇನ್ನೂ ಜೀವಂತವಾಗಿರುವಾಗಲೇ, ಅಂದರೆ ನವೆಂಬರ್-ಡಿಸೆಂಬರಿನಲ್ಲೇ ಕೆಲಸ ಮುಗಿಯಬೇಕು, ಎರಡೂ ದಡದ ಮನೆಗಳಿಂದ ಆಳು ಬರಬೇಕು. ಈಗ ಆ ಬೈಲುಗಳಲ್ಲಿ ಹಾರೆ ಹಿಡಿದು ನಿಲ್ಲುವವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಮನೆಯಿಂದಲೇ ಕಂಪ್ಯೂಟರಿನಲ್ಲಿ ದುಡಿಯುವ ಇಂದಿನ ಪದವೀಧರರು ಎರಡು ರಜಾದಿನಗಳನ್ನು ಕೊಟ್ಟರೂ ಒಂದು ಕಟ್ಟದ ಕೆಲಸ ಮುಗಿಯುತ್ತದೆ.